ನೆಲವನ್ನರಿತು ನೀರನ್ನು ಕುಡಿಯಿರಿ



ನಮ್ಮ ಮನೆಯಲ್ಲಿ ಹೆಣ್ಣು ಕೊಡುವ ಅಥವಾ ತರುವ ಮಾತು ಬಂದಾಗ ನನ್ನ ತಾಯಿಯವರು ಮೊದಲು ಕೇಳುತ್ತಿದ್ದ ಪ್ರಶ್ನೆ ಹೊಲವೆಷ್ಟು ಎಂಬುದಾಗಿರಲಿಲ್ಲ. “ಆ ಊರಾಗ ಬ್ಯಾಳಿ ಬೇಯ್ತದೇನು?” ಎಂಬುದೇ ಅವರ ಮೊದಲ ಪ್ರಶ್ನೆ. ತೊಗರಿಬೇಳೆ ಬೇಗ ಬೆಂದರೆ ನೀರು ಸಿಹಿ, ಒಲೆಯ ಮೇಲೆ ಹೊತ್ತು ಕಳೆದರೂ ಬೇಳೆ ಕಾಳುಕಾಳಾಗಿಯೇ ಉಳಿದರೆ ನೀರು ಸವಳು. ಈ ಪರೀಕ್ಷೆಯನ್ನು ಅವರು ಯಾವ ಶಾಲೆಯಲ್ಲಿಯೂ ಕಲಿತಿರಲಿಲ್ಲ. ಆದರೂ ಅದು ಶಾಸ್ತ್ರಸಮ್ಮತವಾದುದು. ನೀರಿನಲ್ಲಿ ಸುಣ್ಣದ ಅಂಶವಾದ ಕ್ಯಾಲ್ಸಿಯಂ ಹಾಗೂ ಮೆಗ್ನೀಸಿಯಂ ಲವಣಗಳು ಹೆಚ್ಚಾಗಿದ್ದರೆ ಅವು ಬೇಳೆಯೊಳಗಿನ ಪೆಕ್ಟಿನ್ ಎಂಬ ಪದಾರ್ಥದೊಡನೆ ಕೂಡಿಕೊಂಡು ಅದನ್ನು ಮೆತ್ತಗಾಗಗೊಡುವುದಿಲ್ಲ. ಅಂತಹ ನೀರಿನಲ್ಲಿ ಸಾಬೂನು ನೊರೆ ಕೊಡುವುದಿಲ್ಲ, ಕಾಯಿಸುವ ಹಂಡೆಯ ತಳದಲ್ಲಿ ಬಿಳಿಯ ಹೆಪ್ಪು ಕಟ್ಟುತ್ತದೆ.

ಈ ತಿಂಗಳು ನೀರಿನ ವಿಷಯವನ್ನು ಬರೆಯಲು ಹೊರಟಿದ್ದೇನೆ. ನನ್ನ ತಾಯಿಯವರ ಈ ಪರೀಕ್ಷೆ ಎಷ್ಟು ಒಳ್ಳೆಯದೋ ಅಷ್ಟೇ ಅಪೂರ್ಣವಾದುದು ಎಂಬುದನ್ನು ನಾನು ತಡವಾಗಿ ಕಲಿತೆ. ಆ ಪಾಠವನ್ನು ಕಲಿಸಿದವರು ಇಬ್ಬರು. ಒಬ್ಬರು ಒಂದು ಸಾವಿರ ವರ್ಷಗಳಿಗೂ ಹಿಂದಿನ ವೈದ್ಯರು. ಇನ್ನೊಬ್ಬಳು ನಮ್ಮ ಶಾಲೆಯ ಒಬ್ಬ ವಿದ್ಯಾರ್ಥಿನಿ.

ಮೊದಲು ನಮ್ಮ ಮೂರು ಊರುಗಳ ನೆಲವನ್ನು ನೋಡೋಣ. ಜಹೀರಾಬಾದಿನ ಕಡೆಯದು ಬೀದರದಿಂದ ಮುಂದುವರಿದು ಬಂದ ಎತ್ತರದ ಕೆಂಪು ನೆಲ. ಅಡಿಯಲ್ಲಿ ತೂತುತೂತಾದ ಜಂಬಿಟ್ಟಿಗೆ ಕಲ್ಲು. ಮಳೆಯ ನೀರು ಅದರೊಳಗೆ ಜರಡಿಯಲ್ಲಿ ಸೋಸಿದಂತೆ ಇಳಿದುಹೋಗುತ್ತದೆ. ನಾರಾಯಣಖೇಡದ ಕಡೆ ಹೆಚ್ಚಾಗಿ ಕಪ್ಪು ಎರೆಭೂಮಿ, ಅದರಡಿಯಲ್ಲಿ ಕರಿಕಲ್ಲು. ತಾಂಡೂರಿನದು ಸುಣ್ಣದ ಕಲ್ಲಿನ ನೆಲ. ಅಲ್ಲಿಯ ಹಾಸುಗಲ್ಲು ದೇಶದ ಎಷ್ಟೋ ಮನೆಗಳ ನೆಲಕ್ಕೆ ಹಾಸಿಕೊಂಡಿದೆ. ಅದೇ ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಹೆಸರುವಾಸಿಯಾದ ತೊಗರಿ ಬೆಳೆಯುವ ಸುಣ್ಣದ ನೆಲದ ಬಾವಿಯ ನೀರಿನಲ್ಲಿಯೇ ಬೇಳೆ ಬೇಯಲು ತಕರಾರು ಮಾಡುತ್ತದೆ ಎಂಬುದು ಸೃಷ್ಟಿಯ ಒಂದು ವಿನೋದ! ಮೂರು ನೆಲ, ಮೂರು ನೀರು. ಒಂದೇ ಮಳೆ ಬಿದ್ದರೂ ಮಣ್ಣು ತನ್ನ ಗುಣವನ್ನು ನೀರಿಗೆ ಕೊಟ್ಟೇ ಕೊಡುತ್ತದೆ.

ಇದನ್ನೇ ಗ್ರಂಥಸ್ಥವಾಗಿ ಹೇಳಿದ ಒಬ್ಬ ಪ್ರಾಚೀನ ವೈದ್ಯರು ನಮ್ಮ ನೆರೆಯವರೇ ಎಂದರೆ ನಿಮಗೆ ಸಂತೋಷವಾಗಬಹುದು. ತಾಂಡೂರಿನಲ್ಲಿ ವಾಡಿಯ ಕಡೆಗೆ ಹೋಗುವ ಗಾಡಿಯನ್ನೇರಿದರೆ ಸೇಡಂ ದಾಟಿದ ಮೇಲೆ ಮಳಖೇಡ ರೋಡ್ ಎಂಬ ನಿಲ್ದಾಣ ಬರುತ್ತದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೇ ಈ ಮಳಖೇಡ. ತಾಂಡೂರಿನ ಬಳಿ ಹರಿಯುವ ಕಾಗಿಣಾ ನದಿಯೇ ಮುಂದೆ ಹೋಗಿ ಮಳಖೇಡದ ಕೋಟೆಯ ಬುಡವನ್ನು ತೊಳೆಯುತ್ತದೆ. ಒಂಬತ್ತನೆಯ ಶತಮಾನದಲ್ಲಿ ಇಲ್ಲಿ ಆಳಿದವನು ನೃಪತುಂಗನೆಂದು ಪ್ರಸಿದ್ಧನಾದ ಅಮೋಘವರ್ಷ. ಅವನ ಆಸ್ಥಾನದಲ್ಲಿಯೇ ‘ಕವಿರಾಜಮಾರ್ಗ’ ಹುಟ್ಟಿತು. ಆ ಗ್ರಂಥವು ಕನ್ನಡ ನಾಡಿನ ಉತ್ತರದ ಎಲ್ಲೆಯನ್ನು ಗೋದಾವರಿ ಎಂದು ಹೇಳಿರುವುದು ನಮ್ಮ ಓದುಗರಿಗೆ ತಿಳಿದ ಸಂಗತಿಯೇ.

ಈ ಕಾಲದ ಜೈನ ವೈದ್ಯರು ಉಗ್ರಾದಿತ್ಯಾಚಾರ್ಯರು. ಶ್ರೀನಂದಿ ಎಂಬ ಗುರುಗಳ ಶಿಷ್ಯರು. ಇವರು ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದರು. ತ್ರಿಕಲಿಂಗ ದೇಶದ ರಾಮಗಿರಿಯಲ್ಲಿ ಇದನ್ನು ಬರೆದುದಾಗಿ ಅವರೇ ಹೇಳಿಕೊಂಡಿದ್ದಾರೆ. ನೃಪತುಂಗವಲ್ಲಭೇಂದ್ರನ ಸಭೆಯಲ್ಲಿ, ವಿದ್ವಾಂಸರ ಮುಂದೆ, ಔಷಧಕ್ಕೆ ಮಾಂಸವು ಬೇಕಿಲ್ಲವೆಂದು ವಾದಿಸಿದ ಪ್ರಸಂಗವು ಗ್ರಂಥದ ಕೊನೆಗೆ ಸೇರಿದೆ. ಈ ನೃಪತುಂಗನು ಅಮೋಘವರ್ಷನೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ತೆಲುಗು ನೆಲದಲ್ಲಿ ಬರೆದು ಕನ್ನಡದ ದೊರೆಯ ಸಭೆಯಲ್ಲಿ ವಾದ ಮಾಡಿದ ವೈದ್ಯರಿವರು. 1956ರ ನವೆಂಬರ್ 1ರಂದು ಕುಳಿತಲ್ಲಿಯೇ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸೇರಿದ ನಮಗೆ, ಅಂದರೆ ಬೀದರ ಜಿಲ್ಲೆಯ ಜಹೀರಾಬಾದ್ ಹಾಗೂ ನಾರಾಯಣಖೇಡದವರಿಗೂ ಕಲಬುರಗಿ ಜಿಲ್ಲೆಯ ತಾಂಡೂರಿನವರಿಗೂ, ಇವರು ಹೊರಗಿನವರೆನಿಸಲಾರರು.

‘ಕಲ್ಯಾಣಕಾರಕ’ದ ಐದನೆಯ ಪರಿಚ್ಛೇದವು ಅನ್ನಪಾನಗಳನ್ನು ಕುರಿತದ್ದು. ಅದರಲ್ಲಿ ಆಚಾರ್ಯರು ಅನ್ನಕ್ಕಿಂತ ಮೊದಲು ನೀರನ್ನು ಎತ್ತಿಕೊಳ್ಳುತ್ತಾರೆ. ನೀರನ್ನು ಹೇಳುವ ಮೊದಲು ನೆಲವನ್ನು ಹೇಳುತ್ತಾರೆ. ಪೃಥ್ವಿ, ಜಲ, ವಾಯು, ಅಗ್ನಿ, ಆಕಾಶಗಳೆಂಬ ಪಂಚಭೂತಗಳಲ್ಲಿ ಯಾವುದರ ಗುಣ ಯಾವ ನೆಲದಲ್ಲಿ ಹೆಚ್ಚು, ಅಂತಹ ನೆಲದ ಲಕ್ಷಣವೇನು, ಅಲ್ಲಿಯ ನೀರು ಎಂತಹುದು ಎಂಬುದನ್ನು ಒಂದೊಂದಾಗಿ ವಿವರಿಸಿ, ಆ ಮೇಲೆ ಕುಡಿಯತಕ್ಕ ನೀರು ಯಾವುದು, ಕುಡಿಯಬಾರದ ನೀರು ಯಾವುದು, ನೀರಿನ ದೋಷಗಳೇನು, ಶುದ್ಧಿ ಹೇಗೆ, ಕಾಯಿಸಿದ ನೀರಿನ ಗುಣವೇನು ಎಂದು ಮುಂದುವರಿಯುತ್ತಾರೆ.

ಈ ವಿಚಾರದ ಬೇರು ಇನ್ನೂ ಹಳೆಯದು. ಸುಶ್ರುತಸಂಹಿತೆಯ ಸೂತ್ರಸ್ಥಾನದ 45ನೆಯ ಅಧ್ಯಾಯದಲ್ಲಿ ಭೂಮಿಯ ಮೇಲಿನ ನೀರನ್ನು ಬಾವಿಯದು, ನದಿಯದು, ಸರೋವರದ್ದು, ಕೆರೆಯದು, ಝರಿಯದು ಎಂದು ಮೊದಲಾಗಿ ಏಳು ಬಗೆಯಾಗಿ ವಿಂಗಡಿಸಿದ್ದಾರೆ. ಪೃಥ್ವೀಗುಣ ಹೆಚ್ಚಾದ ನೆಲದ ನೀರು ಹುಳಿ ಇಲ್ಲವೆ ಉಪ್ಪು, ಜಲಗುಣದ್ದು ಸಿಹಿ, ಅಗ್ನಿಗುಣದ್ದು ಖಾರ ಅಥವಾ ಕಹಿ, ವಾಯುಗುಣದ್ದು ಒಗರು, ಆಕಾಶಗುಣದ್ದು ಯಾವ ರುಚಿಯನ್ನೂ ತೋರದೆ ಎಲ್ಲಕ್ಕಿಂತ ಶ್ರೇಷ್ಠವಾದುದು ಎನ್ನುತ್ತಾರೆ. ಮಣ್ಣಿನ ಬಣ್ಣವೊಂದರಿಂದಲೇ ನೀರಿನ ರುಚಿಯನ್ನು ಹೇಳಬಹುದೆಂಬ ಮತವನ್ನು ಅವರು ಒಪ್ಪದೆ ತಿದ್ದಿರುವುದನ್ನು ಗಮನಿಸಬೇಕು. ಮಳೆಯ ನೀರು ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು, ಬೆಳ್ಳಿಯ ಪಾತ್ರೆಯಲ್ಲಿ ಅನ್ನದ ಉಂಡೆಯನ್ನಿಟ್ಟು ಒಂದು ಮುಹೂರ್ತ, ಅಂದರೆ 48 ನಿಮಿಷ, ಮಳೆಗೆ ಒಡ್ಡಿ, ಅನ್ನದ ಬಣ್ಣ ಕೆಡದಿದ್ದರೆ ನೀರು ಶುದ್ಧವೆಂದು ತಿಳಿಯಬೇಕೆನ್ನುತ್ತಾರೆ. ಇದು ಇಂದಿನ ಪರೀಕ್ಷೆಗೆ ಸಮನಲ್ಲ. ಆದರೆ ಮಾಡಿ ನೋಡಿದ ಮೇಲೆಯೇ ಹೇಳಬೇಕೆಂಬ ಬುದ್ಧಿ ಇದರಲ್ಲಿದೆ. ಶಿಕ್ಷಕನಾದ ನನಗೆ ಈ ಬುದ್ಧಿಯೇ ದೊಡ್ಡದಾಗಿ ತೋರುತ್ತದೆ.

ಕದಡಿದ ನೀರನ್ನು ತಿಳಿಗೊಳಿಸಲು ಹೇಳಿದ ಏಳು ವಸ್ತುಗಳಲ್ಲಿ ಕತಕಬೀಜವೂ ಒಂದು. ಇದನ್ನೇ ನಾವು ಚಿಲ್ಲದ ಬೀಜ ಎನ್ನುತ್ತೇವೆ. ನಮ್ಮ ತೆಲುಗು ನೆರೆಯವರು ಚಿಲ್ಲಗಿಂಜಲು ಎನ್ನುತ್ತಾರೆ. ಇದನ್ನು ಗಡಿಗೆಯ ಒಳಮೈಗೆ ತೇಯ್ದರೆ ನೀರಿನೊಳಗಿನ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ತಳಕ್ಕೆ ಇಳಿಯುತ್ತವೆ. ಪಟಕ ಮಾಡುವ ಕೆಲಸವೂ ಇದೇ.

ಇನ್ನು ದೋಷಗಳ ವಿಚಾರ. ಸುಶ್ರುತರಂತೆಯೇ ಉಗ್ರಾದಿತ್ಯರೂ ನೀರಿನ ದೋಷಗಳನ್ನು ಆರಾಗಿ ಎಣಿಸುತ್ತಾರೆ: ಸ್ಪರ್ಶದೋಷ, ರೂಪದೋಷ, ರಸದೋಷ, ಗಂಧದೋಷ, ವೀರ್ಯದೋಷ, ಪಾಕದೋಷ. ಮುಟ್ಟಿದರೆ ಲೋಳೆಯಾಗಿರುವುದು ಸ್ಪರ್ಶದೋಷ. ಕೆಸರು, ಪಾಚಿ, ಬಣ್ಣಗಳು ಕಾಣುವುದು ರೂಪದೋಷ. ರುಚಿ ಎದ್ದು ತೋರುವುದು ರಸದೋಷ. ನಾತ ಬರುವುದು ಗಂಧದೋಷ. ಕುಡಿದೊಡನೆ ಬಾಯಾರಿಕೆ, ಮೈಭಾರ, ಹೊಟ್ಟೆಶೂಲೆ ತರುವುದು ವೀರ್ಯದೋಷ. ಕುಡಿದ ನೀರು ಸರಿಯಾಗಿ ಅರಗದೆ ಒಳಗೆ ತೊಂದರೆ ಮಾಡುವುದು ಪಾಕದೋಷ. ಮೊದಲಿನ ನಾಲ್ಕನ್ನು ಕೈ, ಕಣ್ಣು, ನಾಲಗೆ, ಮೂಗುಗಳು ಹೇಳುತ್ತವೆ. ಕೊನೆಯ ಎರಡನ್ನು ಕುಡಿದವನ ದೇಹವೇ ಹೇಳಬೇಕು. ಇದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ನೀರು ರೋಗವನ್ನು ತರುವಂತೆ ರೋಗವನ್ನು ಕಳೆಯುವುದೂ ಉಂಟೆಂಬ ನಂಬಿಕೆ ನಮ್ಮ ಸುತ್ತ ಬಲವಾಗಿದೆ. ಜಹೀರಾಬಾದಿನ ಹತ್ತಿರದ ಝರಾಸಂಗಮದ ಕೇತಕಿ ಸಂಗಮೇಶ್ವರನ ಸನ್ನಿಧಿಗೆ ಹೋಗದವರು ನಮ್ಮಲ್ಲಿ ವಿರಳ. ಚರ್ಮರೋಗದಿಂದ ನರಳುತ್ತಿದ್ದ ಕುಪೇಂದ್ರನೆಂಬ ಅರಸನು ಬೇಟೆಗೆ ಬಂದು, ಕೇದಗೆಯ ವನದ ಝರಿಯಲ್ಲಿ ಮೈ ತೊಳೆದು ಗುಣ ಹೊಂದಿದನೆಂದು ಅಲ್ಲಿಯ ಸ್ಥಳಪುರಾಣ ಹೇಳುತ್ತದೆ. ಬೀದರದಲ್ಲಿ ನರಸಿಂಹ ಝರಣಿಯಿದೆ, ಗುರುನಾನಕರ ಹೆಸರಿನ ಝರಾ ಇದೆ. ಸವಳು ನೀರಿನ ಊರಿನಲ್ಲಿ ಗುರುಗಳು ಸಿಹಿನೀರಿನ ಬುಗ್ಗೆ ತೆರೆದರೆಂಬುದು ಅಲ್ಲಿಯ ಪ್ರತೀತಿ. ಬೀದರದ ಝರಿಗಳಿಗೆ ಭೂಗರ್ಭಶಾಸ್ತ್ರವು ಕೊಡುವ ವಿವರಣೆ ಸರಳವಾದುದು. ಮಳೆಯ ನೀರು ತೂತುಗಳುಳ್ಳ ಜಂಬಿಟ್ಟಿಗೆ ಕಲ್ಲಿನ ಮೂಲಕ ಇಳಿದು, ಅಡಿಯಲ್ಲಿ ನೀರನ್ನು ಬಿಡದ ಜೇಡಿಯ ಪದರು ಸಿಕ್ಕಾಗ ಅಡ್ಡಕ್ಕೆ ಹರಿದು, ದಿಬ್ಬದ ಅಂಚಿನಲ್ಲಿ ಹೊರಚಿಮ್ಮುತ್ತದೆ. ವಿವರಣೆ ತಿಳಿದರೆ ಭಕ್ತಿ ಕಡಿಮೆಯಾಗಬೇಕಾಗಿಲ್ಲ.

ಪಶ್ಚಿಮ ದೇಶಗಳಲ್ಲಿಯೂ ವೈದ್ಯರು ಇಂತಹ ಬುಗ್ಗೆಗಳ ಹಿಂದೆ ಬಿದ್ದಿದ್ದರು. ಇಟಲಿಯ ಆಂದ್ರೆಯಾ ಬಾಚ್ಚಿ ಎಂಬ ವೈದ್ಯರು 1571ರಲ್ಲಿ ಸ್ನಾನದ ಬುಗ್ಗೆಗಳನ್ನೂ ಖನಿಜ ಜಲಗಳನ್ನೂ ಕುರಿತು ಏಳು ಭಾಗಗಳ ಗ್ರಂಥವನ್ನು ವೆನಿಸ್ಸಿನಲ್ಲಿ ಪ್ರಕಟಿಸಿದರು. ಜರ್ಮನಿಯ ಹಾಲೆ ನಗರದ ಪ್ರಾಧ್ಯಾಪಕ ಫ್ರೀಡ್ರಿಷ್ ಹಾಫ್‌ಮನ್ (1660–1742) ಬುಗ್ಗೆಯ ನೀರಿನಲ್ಲಿ ಕರಗಿರುವುದೇನೆಂದು ರಾಸಾಯನಿಕವಾಗಿ ಪರೀಕ್ಷಿಸಲು ತೊಡಗಿದರು. ಬುಗ್ಗೆಯ ಮಹಿಮೆಯನ್ನು ಕೊಂಡಾಡುವುದರಿಂದ ಅದರೊಳಗಿನ ಲವಣವನ್ನು ಅಳೆಯುವುದರ ಕಡೆಗೆ ವೈದ್ಯಶಾಸ್ತ್ರವು ಹೀಗೆ ನಡೆಯಿತು. ಬಿಸಿನೀರಿನ ಸ್ನಾನ ಕೀಲುನೋವಿಗೆ ಹಿತವೆಂಬುದು ಇಂದಿಗೂ ನಿಜ. ಆದರೆ ‘ಖನಿಜವುಳ್ಳ ನೀರೆಲ್ಲ ಔಷಧ’ ಎಂಬ ಮಾತು ನಿಜವಲ್ಲ. ಖನಿಜಗಳಲ್ಲಿ ಹಿತವಾದುವೂ ಇವೆ, ಅಹಿತವಾದುವೂ ಇವೆ.

ಈಗ ಆ ವಿದ್ಯಾರ್ಥಿನಿಯ ಮಾತಿಗೆ ಬರುತ್ತೇನೆ. ಇದನ್ನು ಬರೆಯಲು ನನಗೆ ಸಂಕೋಚವಿದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನು ಗ್ರಾನೈಟ್ ಬಂಡೆಗಳ ನಡುವಿನ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಐದನೆಯ ತರಗತಿಯಲ್ಲಿ ಒಬ್ಬ ಹುಡುಗಿ ಓದಿನಲ್ಲಿ ಮುಂದು, ಆದರೆ ನಗುವಾಗಲೂ ಪಾಠ ಒಪ್ಪಿಸುವಾಗಲೂ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಒಂದು ದಿನ ಕೈ ತೆಗೆಸಿ ನೋಡಿದರೆ ಮುಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಪಟ್ಟೆಗಳು. ಶುಚಿತ್ವದ ಪಾಠ ನಡೆಯುತ್ತಿದ್ದ ಹೊತ್ತು. ಎಲ್ಲರ ಎದುರಿಗೆ, “ನಾಳೆಯಿಂದ ಹಲ್ಲು ಉಜ್ಜಿಯೇ ಶಾಲೆಗೆ ಬಾ” ಎಂದು ಗದರಿಸಿದೆ. ಆಕೆ, “ದಿನಾ ಉಜ್ಜತೀನ್ರಿ ಸರ್” ಎಂದಳು. ನಾನು ನಂಬಲಿಲ್ಲ. ಮರುದಿನದಿಂದ ಒಂದು ವಾರ ಆಕೆ ಶಾಲೆಗೆ ಬರಲಿಲ್ಲ.

ಕೆಲವು ತಿಂಗಳ ಮೇಲೆ ನೀರು ಪರೀಕ್ಷಿಸುವವರು ಊರಿಗೆ ಬಂದರು. ಒಂದು ಸಣ್ಣ ಕೊಳವೆಯಲ್ಲಿ ಬೋರಿಂಗಿನ ನೀರನ್ನು ತೆಗೆದುಕೊಂಡು ನಾಲ್ಕಾರು ಹನಿ ದ್ರಾವಣ ಬಿಟ್ಟರು. ಫ್ಲೋರೈಡ್ ಹೆಚ್ಚಾದಷ್ಟೂ ಆ ದ್ರಾವಣದ ಗುಲಾಬಿ ಬಣ್ಣ ಹಳದಿಗೆ ತಿರುಗುತ್ತದೆ. ನಮ್ಮ ಶಾಲೆಯ ಪಕ್ಕದ ಬೋರಿಂಗಿನ ನೀರು ಹಳದಿಯಾಯಿತು. ನಾನು ಆ ದಿನ ತರಗತಿಯ ಮಕ್ಕಳ ಬಾಯಿಗಳನ್ನು ಒಂದೊಂದಾಗಿ ನೋಡಿದೆ. ಅಂತಹ ಹಲ್ಲು ಅವಳೊಬ್ಬಳದೇ ಆಗಿರಲಿಲ್ಲ. ಕೆಲವರಲ್ಲಿ ಸುಣ್ಣದಂತಹ ಬಿಳಿಯ ಚುಕ್ಕೆ, ಕೆಲವರಲ್ಲಿ ಹಳದಿಯ ಗೆರೆ. ಮಕ್ಕಳು ಹೇಳಿದ್ದು ನಿಜವಾಗಿತ್ತು, ತಪ್ಪು ಮಾಸ್ತರನದಾಗಿತ್ತು.

ಅಚ್ಚರಿಯೆಂದರೆ ಆ ಬೋರಿಂಗಿನ ನೀರು ತಿಳಿಯಾಗಿತ್ತು, ತಂಪಾಗಿತ್ತು. ಅದರಲ್ಲಿ ಬೇಳೆ ಚೆನ್ನಾಗಿ ಬೇಯುತ್ತಿತ್ತು! ಊರವರು ಅದನ್ನು ಸಿಹಿನೀರೆಂದು ದೂರದಿಂದ ಬಂದು ಒಯ್ಯುತ್ತಿದ್ದರು. ಕಾರಣವನ್ನು ಆ ಮೇಲೆ ಓದಿ ತಿಳಿದೆ. ಫ್ಲೋರೈಡ್ ಗ್ರಾನೈಟಿನಂತಹ ಬಂಡೆಗಳ ಖನಿಜಗಳಿಂದ ನೀರಿಗಿಳಿಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಹೇರಳವಾಗಿದ್ದರೆ ಅದು ಫ್ಲೋರೈಡಿನೊಡನೆ ಕೂಡಿ ತಳಕ್ಕೆ ಕೂರಬಲ್ಲದು. ಕ್ಯಾಲ್ಸಿಯಂ ಕಡಿಮೆಯಿರುವ ಮೆತ್ತನೆಯ ನೀರಿನಲ್ಲಿಯೇ ಫ್ಲೋರೈಡ್ ಹೆಚ್ಚಾಗಿ ಕರಗಿ ಉಳಿಯುತ್ತದೆ. ಅಂದರೆ ನನ್ನ ತಾಯಿಯವರ ಬೇಳೆಯ ಪರೀಕ್ಷೆಯಲ್ಲಿ ನಪಾಸಾಗುವ ಗಡಸು ನೀರು ಬಹುಮಟ್ಟಿಗೆ ನಿರಪಾಯಕಾರಿಯಾಗಿರಬಹುದು. ಪಾಸಾಗುವ ನೀರು ವಿಷವನ್ನು ಒಳಗಿಟ್ಟುಕೊಂಡಿರಬಹುದು. ಬಣ್ಣ, ರುಚಿ, ವಾಸನೆಗಳಿಲ್ಲದ ದ್ರವವೇ ನೀರು ಎಂದು ನಾವು ಪಾಠ ಹೇಳುತ್ತೇವೆ. ಫ್ಲೋರೈಡಿಗೂ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಆಚಾರ್ಯರು ಎಣಿಸಿದ ಮೊದಲ ನಾಲ್ಕು ದೋಷಗಳಲ್ಲಿ ಅದು ಸಿಕ್ಕುವುದೇ ಇಲ್ಲ. ದೇಹವೇ ಸಾಕ್ಷಿ ಹೇಳಬೇಕೆಂಬ ಕೊನೆಯ ದೋಷಗಳ ಸಾಲಿಗೆ ಸೇರಿದ್ದು ಅದು. ನಮ್ಮ ಊರಿನಲ್ಲಿ ಮಕ್ಕಳ ಹಲ್ಲುಗಳು ಸಾಕ್ಷಿ ಹೇಳಿದುವು, ನಾನು ಸಾಕ್ಷಿಯನ್ನೇ ಗದರಿಸಿದೆ.

ಇದನ್ನು ಕಂಡುಹಿಡಿಯಲು ಜಗತ್ತಿಗೂ ಬಹಳ ಕಾಲ ಹಿಡಿಯಿತು. ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಎಂಬ ಊರಿಗೆ 1901ರಲ್ಲಿ ಬಂದ ದಂತವೈದ್ಯ ಫ್ರೆಡರಿಕ್ ಮೆಕ್‌ಕೇ, ಅಲ್ಲಿಯವರ ಕಂದು ಹಲ್ಲುಗಳ ಕಾರಣವನ್ನು ಮೂವತ್ತು ವರ್ಷ ಹುಡುಕಿದರು. 1931ರಲ್ಲಿ ಎಚ್. ವಿ. ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞರು ನೀರಿನಲ್ಲಿ ಫ್ಲೋರೈಡನ್ನು ಗುರುತಿಸಿದಾಗ ಗುಟ್ಟು ರಟ್ಟಾಯಿತು. 1937ರಲ್ಲಿ ಶಾರ್ಟ್ ಮತ್ತು ಅವರ ಸಂಗಡಿಗರು ಮದ್ರಾಸ್ ಪ್ರಾಂತದ ಹಳ್ಳಿಗಳಲ್ಲಿ ಇದೇ ಫ್ಲೋರೈಡ್ ಎಲುಬುಗಳನ್ನೂ ಬಿಗಿದು ಬೆನ್ನು ಬಾಗಿಸುವುದನ್ನು ವರದಿ ಮಾಡಿದರು. ನಮ್ಮ ತೆಲಂಗಾಣದ ನಲ್ಗೊಂಡದ ಹೆಸರು ಈ ವ್ಯಾಧಿಯಿಂದಾಗಿ ದೇಶಕ್ಕೆಲ್ಲ ತಿಳಿಯಿತು. ಪಟಕ ಮತ್ತು ಸುಣ್ಣಗಳಿಂದ ಫ್ಲೋರೈಡನ್ನು ತಗ್ಗಿಸುವ, ನಾಗಪುರದ ಪರಿಸರ ಸಂಶೋಧನಾ ಸಂಸ್ಥೆಯವರು ರೂಪಿಸಿದ ವಿಧಾನಕ್ಕೆ ‘ನಲ್ಗೊಂಡ ವಿಧಾನ’ವೆಂದೇ ಹೆಸರು. 2016ರಲ್ಲಿ ಆರಂಭವಾದ ಮಿಷನ್ ಭಗೀರಥ ಯೋಜನೆಯಿಂದ ನದಿ ಹಾಗೂ ಜಲಾಶಯಗಳ ನೀರು ನಲ್ಲಿಯ ಮೂಲಕ ಹಳ್ಳಿಗಳಿಗೆ ಬಂದದ್ದು ದೊಡ್ಡ ಉಪಕಾರ. ಆದರೆ ಹೊಲದಲ್ಲಿ, ತೋಟದ ಮನೆಯಲ್ಲಿ, ನಲ್ಲಿ ನಿಂತ ದಿನಗಳಲ್ಲಿ ನಾವು ಹಳೆಯ ಬೋರಿಂಗಿಗೇ ಹೋಗುತ್ತೇವೆ. ಆದುದರಿಂದ ಕೆಲವು ಮಾತುಗಳನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕು.

ಫ್ಲೋರೈಡಿನ ಮಿತಿ ಒಂದು ಲೀಟರ್ ನೀರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಕಾಯಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಹಲ್ಲಿನ ಹೊಳಪು ಪದರು ರೂಪುಗೊಳ್ಳುವುದು ಹೆಚ್ಚಾಗಿ ಎಂಟು ವರ್ಷದೊಳಗೆ. ಆದುದರಿಂದ ಚಿಕ್ಕ ಮಕ್ಕಳಿಗೆ ಕೊಡುವ ನೀರಿನ ಮೇಲೆಯೇ ಮೊದಲ ಕಣ್ಣಿರಲಿ. ಹಾಲು, ಮಜ್ಜಿಗೆ, ರಾಗಿ, ನೆಲ್ಲಿಕಾಯಿ, ಸೊಪ್ಪುಗಳು ಊಟದಲ್ಲಿದ್ದರೆ ಒಳ್ಳೆಯದು. ಕಡುಚಹಾದಲ್ಲಿ ಫ್ಲೋರೈಡ್ ಇರುವುದರಿಂದ ಮಕ್ಕಳಿಗೆ ಅದು ಬೇಡ. ಶುಚಿಯಾದ ಮಾಳಿಗೆಯಿಂದ ಮೊದಲ ಮಳೆಯನ್ನು ಹರಿಯಬಿಟ್ಟು, ಆ ಮೇಲಿನದನ್ನು ಮುಚ್ಚಿದ ತೊಟ್ಟಿಯಲ್ಲಿ ಹಿಡಿದು ಕಾಯಿಸಿ ಕುಡಿಯಬಹುದು. ಪ್ರಾಚೀನರು ಮಳೆಯ ನೀರಿಗೆ ಮೊದಲ ಮಣೆ ಹಾಕಿದುದು ಸುಮ್ಮನೆ ಅಲ್ಲ. ಅದಕ್ಕೆ ಇನ್ನೂ ಬಂಡೆಯ ಸಹವಾಸವಾಗಿರುವುದಿಲ್ಲ.

ಪೇಟೆಯಲ್ಲಿ ದೊಡ್ಡ ಡಬ್ಬಿಗಳಲ್ಲಿ ಮಾರುವ ನೀರನ್ನು ನಾವೆಲ್ಲರೂ ‘ಮಿನರಲ್ ವಾಟರ್’ ಎನ್ನುತ್ತೇವೆ. ಅದು ಸಾಮಾನ್ಯವಾಗಿ ಖನಿಜಗಳನ್ನು ಬಹುಪಾಲು ತೆಗೆದುಹಾಕಿದ ನೀರು! ನಿಜವಾದ ಖನಿಜ ಜಲಕ್ಕೆ ಮಾನಕವೇ ಬೇರೆ. ಹೆಸರನ್ನು ನಂಬದೆ ಪರೀಕ್ಷೆಯ ಚೀಟಿಯನ್ನು ಕೇಳಿರಿ.

ಆ ಹುಡುಗಿ ಒಂದು ವಾರದ ಮೇಲೆ ಶಾಲೆಗೆ ಬಂದಿದ್ದಳು ಎಂದು ಬರೆಯುವುದನ್ನು ಮರೆತೆ. ಬೋರಿಂಗಿನ ನೀರು ಹಳದಿಯಾದ ದಿನ ಅವಳನ್ನು ಗದರಿಸಿದ ಅದೇ ತರಗತಿಯಲ್ಲಿ, ಎಲ್ಲರ ಎದುರಿಗೆ, “ತಪ್ಪು ನನ್ನದು, ನೀನು ಹೇಳಿದ್ದೇ ನಿಜ” ಎಂದೆ. ಆಕೆ ಏನೂ ಹೇಳಲಿಲ್ಲ. ಬಾಯಿಗೆ ಅಡ್ಡ ಹಿಡಿದಿದ್ದ ಕೈಯನ್ನೂ ತೆಗೆಯಲಿಲ್ಲ. ಅಂದಿನಿಂದ ನಾನು ಕೆಲಸ ಮಾಡಿದ ಪ್ರತಿಯೊಂದು ಶಾಲೆಯಲ್ಲಿಯೂ ವರ್ಷದ ಮೊದಲ ವಾರ ಎರಡು ಕೆಲಸ ಮಾಡಿಸುತ್ತೇನೆ: ಕುಡಿಯುವ ನೀರಿನ ಪರೀಕ್ಷೆ ಮತ್ತು ಮಕ್ಕಳ ಹಲ್ಲುಗಳ ತಪಾಸಣೆ, ಬೈಗುಳವಿಲ್ಲದೆ.

ಈ ತಿಂಗಳು ನಿಮ್ಮ ಮನೆಯಲ್ಲಿಯೂ ಒಂದು ಕೆಲಸ ಮಾಡಿರಿ. ನಿಮ್ಮ ಊರಿನ ನೆಲ ಯಾವುದು, ನೀರಿನ ಪರೀಕ್ಷೆ ಕೊನೆಯದಾಗಿ ಎಂದು ಆಯಿತು ಎಂದು ಪಂಚಾಯಿತಿಯಲ್ಲಿ ಕೇಳಿರಿ. ಆಗಿಲ್ಲದಿದ್ದರೆ ಒಂದು ಬಾಟಲಿ ನೀರಿನೊಡನೆ ಅರ್ಜಿಯನ್ನೂ ಕೊಟ್ಟು ಬನ್ನಿರಿ. ಅರ್ಜಿ ತೆಲುಗಿನಲ್ಲಿರಲಿ, ಕನ್ನಡದಲ್ಲಿರಲಿ, ನೀರಿಗೆ ಎರಡೂ ಒಂದೇ. ಬೇಳೆ ಬೇಯುತ್ತದೆಯೇ ಎಂದು ಕೇಳುತ್ತಿದ್ದ ನನ್ನ ತಾಯಿಯವರು ಇಂದು ಇದ್ದಿದ್ದರೆ, ಆ ಊರಿನ ಮಕ್ಕಳು ಬಾಯ್ತುಂಬ ನಗುತ್ತಾರೆಯೇ ಎಂಬುದನ್ನೂ ಕೇಳಿರೆಂದು ಅವರಿಗೆ ಹೇಳುತ್ತಿದ್ದೆ.